ಜರಡಿಯಲ್ಲಿ ಕಂಡ ಸೂರ್ಯ

1980ರ ಫೆಬ್ರವರಿ 16ರಂದು ನಮ್ಮೂರು ಅಂಕೋಲೆಯ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾಯಿತು. ಅದನ್ನು ಅಭ್ಯಸಿಸಲು ವಿಜ್ಞಾನಿಗಳು ಕರ್ನಾಟಕಕ್ಕೆ ಬಂದಿದ್ದರು. ನಾವು ಮಾತ್ರ ಅಂಜಿ, ಕದವಿಕ್ಕಿ ಒಳಗೆ ಕುಳಿತಿದ್ದೆವು. ಆಗ ಹಂಚಿನ ಸಂದಿಯಿಂದ ಇಳಿದ ಬೆಳಕು ನೆಲದ ಮೇಲೆ ಕುಡುಗೋಲಿನಂತೆ ಬಾಗಿತ್ತು. “ಸೂರ್ಯನೇ ಮನೆಯೊಳಗೆ ಬಂದನಲ್ಲೋ ಮಗಾ!” ಎಂದು ಅಜ್ಜಿ ಬೆರಗಾದಳು. ಕಿರುರಂಧ್ರದ ಮೂಲಕ ಹಾಯ್ದ ಬೆಳಕು ಸೂರ್ಯನ ಬಿಂಬವನ್ನೇ ಮೂಡಿಸುತ್ತದೆಂಬುದನ್ನು ಮುಂದೆ ಶಾಲೆಯಲ್ಲಿ ಕಲಿತೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣಗ್ರಹಣವಾದಾಗ, ಅಜ್ಜಿಯ ಹಳೆಯ ಜರಡಿಯನ್ನು ಬಿಸಿಲಿಗೆ ಹಿಡಿದೆನು. ಗೋಡೆಯ ತುಂಬ ಬೆಳಕಿನ ಬಳೆಗಳು! ಬಾಗಿಲ ಮರೆಯಲ್ಲಿದ್ದ ನೆರೆಯವರು ಒಬ್ಬೊಬ್ಬರಾಗಿ ಹೊರಬಂದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬ ಎಚ್ಚರ ಸದಾ ಇರಲಿ. ಆದರೆ ಆ ಎಚ್ಚರವು ಅಂಜಿಕೆಯಾಗಿ ಕದವಿಕ್ಕಿಸಬಾರದು. ವಿಜ್ಞಾನವನ್ನು ಜನರ ಬಳಿಗೆ ಒಯ್ಯಲು ಅಡಿಗೆಮನೆಯ ಜರಡಿಯೂ ಸಾಕು.