ಮೊದಲು ನೋಡಿದ್ದು ಯಾರು?

ಈ ಮಳೆಗಾಲದಲ್ಲಿ ಉದ್ಯಾವರದ ನಾವು ನಾಲ್ಕು ಜನ ಸೇರಿ, ಐವತ್ತು ವರ್ಷ ಹಳೆಯ ಒಂದು ಅಮೆರಿಕನ್ ಧಾರಾವಾಹಿಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ನೋಡಿದೆವು. ಅದರ ಹೆಸರು ‘ಕೋಲ್ಚಾಕ್: ದಿ ನೈಟ್ ಸ್ಟಾಕರ್’. ದೆವ್ವ, ಪಿಶಾಚಿ, ರಕ್ತ ಹೀರುವವರು, ತೋಳವಾಗುವ ಮನುಷ್ಯ ಎಲ್ಲರೂ ಅದರಲ್ಲಿ ಬರುತ್ತಾರೆ. ಅವರ ಬೆನ್ನು ಹತ್ತುವವನು ಮಂತ್ರವಾದಿಯಲ್ಲ, ಪೊಲೀಸನೂ ಅಲ್ಲ. ನಮ್ಮ ಹಾಗೆ ಒಬ್ಬ ವರದಿಗಾರ.

ಪತ್ರಿಕೋದ್ಯಮ ಓದಿದವರಿಗೆ ಇಷ್ಟು ಸಾಕಲ್ಲ ಮಾರಾಯ್ರೆ, ಕೂತು ನೋಡಲು!

ಟಿವಿ9ರಲ್ಲಿ ‘ಹೀಗೂ ಉಂಟೆ’ ನೋಡುತ್ತಾ ಬೆಳೆದವರು ನಾವು. ಆ ಸ್ವರವನ್ನು ಅಣಕಿಸದ ಮಕ್ಕಳು ನಮ್ಮ ಶಾಲೆಯಲ್ಲಿ ಇರಲಿಲ್ಲ. ಕಾಲೇಜಿಗೆ ಬಂದ ಮೇಲೆ ‘ಎಕ್ಸ್ ಫೈಲ್ಸ್’ ಹೆಸರು ಕೇಳಿದೆವು. 1993ರ ಸೆಪ್ಟೆಂಬರ್ 10ರಂದು ಶುರುವಾದ ಆ ಧಾರಾವಾಹಿಯಲ್ಲಿ ಮಲ್ಡರ್ ಮತ್ತು ಸ್ಕಲ್ಲಿ ಎಂಬ ಇಬ್ಬರು ಎಫ್‌ಬಿಐ ಅಧಿಕಾರಿಗಳು. ಅವನಿಗೆ ನಂಬುವ ಆಸೆ. ಅವಳು ವೈದ್ಯೆ, ಪರೀಕ್ಷೆ ಮಾಡದೆ ಒಪ್ಪುವವಳಲ್ಲ. ಅದನ್ನು ಮೊದಲಿನಿಂದ ನೋಡುವ ಎಂದು ಹೊರಟಾಗಲೇ ಗೊತ್ತಾದದ್ದು, ಅದಕ್ಕೂ ಮೊದಲು ಒಂದು ಉಂಟು ಎಂದು. ‘ಎಕ್ಸ್ ಫೈಲ್ಸ್’ ಕಟ್ಟಿದ ಕ್ರಿಸ್ ಕಾರ್ಟರ್ ಹುಡುಗನಾಗಿದ್ದಾಗ ನೋಡಿ ಹೆದರಿದ್ದು ಈ ಕೋಲ್ಚಾಕ್‌ನನ್ನು. ಆ ಋಣಕ್ಕೆ ಕೋಲ್ಚಾಕ್ ಪಾತ್ರ ಮಾಡಿದ ಡ್ಯಾರೆನ್ ಮೆಕ್‌ಗ್ಯಾವಿನ್ ಅವರನ್ನೇ ಮುಂದೆ ‘ಎಕ್ಸ್ ಫೈಲ್ಸ್’ನ ಎರಡು ಕಂತುಗಳಲ್ಲಿ ನಿವೃತ್ತ ತನಿಖಾಧಿಕಾರಿಯಾಗಿ ಕರೆತಂದರು. ಹಾಗಾಗಿ ಬೇರಿನಿಂದಲೇ ಶುರು ಮಾಡಿದೆವು.

ಬೇರು ಇರುವುದು 1972ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಎಬಿಸಿ ಟಿವಿಯಲ್ಲಿ ‘ದಿ ನೈಟ್ ಸ್ಟಾಕರ್’ ಎಂಬ ಟಿವಿ ಸಿನಿಮಾ ಬಂತು. ಲಾಸ್ ವೇಗಸ್ ಊರಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಸಾಯುತ್ತಾರೆ, ದೇಹದಲ್ಲಿ ರಕ್ತವೇ ಇಲ್ಲ. ಕೋಲ್ಚಾಕ್ ಎಲ್ಲ ಪತ್ತೆ ಮಾಡಿ ಬರೆಯುತ್ತಾನೆ. ಸುದ್ದಿ ಅಚ್ಚಾಗುವುದಿಲ್ಲ. ಊರಿನ ದೊಡ್ಡವರು ಸೇರಿ ಅವನ ಮೇಲೆಯೇ ಕೊಲೆ ಕೇಸು ಹಾಕುವ ಬೆದರಿಕೆ ಹಾಕಿ ಊರು ಬಿಡಿಸುತ್ತಾರೆ. ಪ್ರವಾಸಿಗರು ಬರುವ ಊರಿಗೆ ಕೆಟ್ಟ ಹೆಸರು ಬರಬಾರದು, ಅಷ್ಟೇ ಕಾರಣ. 1973ರಲ್ಲಿ ಎರಡನೇ ಸಿನಿಮಾ ಬಂತು. 1974ರ ಸೆಪ್ಟೆಂಬರ್ 13ರಿಂದ ವಾರದ ಧಾರಾವಾಹಿ. ಷಿಕಾಗೋ ನಗರದ ಒಂದು ಸಣ್ಣ ಸುದ್ದಿಸಂಸ್ಥೆ ಅವನ ಕಚೇರಿ. ನೋಡುವವರು ಕಡಿಮೆಯಾಗಿ 1975ರ ಮಾರ್ಚ್‌ನಲ್ಲಿ, ಬರೀ 20 ಕಂತಿಗೆ ಮುಗಿಯಿತು.

ನಾವು ನೋಡುತ್ತಿದ್ದುದು ನಮ್ಮಲ್ಲೊಬ್ಬರ ಮನೆಯ ಚಾವಡಿಯಲ್ಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು. ಆ ಮನೆಯ ಅಜ್ಜಿಗೆ ಇಂಗ್ಲಿಷ್ ಬಾರದು. ಆದರೂ ಎಲೆಅಡಿಕೆ ತಟ್ಟೆ ಹಿಡಿದು ಬಂದು ಕೂರುತ್ತಿದ್ದರು. ಮೂರನೇ ಕಂತಿಗೆ ಅವರು ಕೇಳಿದ್ದು, “ಆಯಗ್ ಬೇತೆ ಅಂಗಿ ಇಜ್ಜಾ?” ಪ್ರಶ್ನೆ ಸರಿಯೇ. ಕೋಲ್ಚಾಕ್ ಇಪ್ಪತ್ತು ಕಂತಿನಲ್ಲೂ ಅದೇ ಮಾಸಲು ಸೂಟು, ಅದೇ ಹುಲ್ಲಿನ ಟೋಪಿ. ಹೆಗಲಲ್ಲಿ ಟೇಪ್ ರೆಕಾರ್ಡರ್, ಕೈಯಲ್ಲಿ ಕ್ಯಾಮರಾ. ಸಂಬಳ ಎಷ್ಟು ಎಂದು ಯಾರೂ ಹೇಳಬೇಕಾಗಿಲ್ಲ, ವೇಷವೇ ಹೇಳುತ್ತದೆ.

ಪ್ರತಿ ಕಂತಿನ ಕತೆ ಹೆಚ್ಚುಕಡಿಮೆ ಒಂದೇ. ಏನೋ ಆಗುತ್ತದೆ. ಪೊಲೀಸರು ಏನೂ ಆಗಿಲ್ಲ ಎನ್ನುತ್ತಾರೆ. ಕೋಲ್ಚಾಕ್ ಹೋಗಿ ಕೇಳುತ್ತಾನೆ. ಕೊನೆಗೆ ತಾನೇ ಒಬ್ಬನೇ ಭೂತದ ಎದುರು ನಿಲ್ಲುತ್ತಾನೆ. ಸಾಕ್ಷ್ಯ ಸುಟ್ಟುಹೋಗುತ್ತದೆ, ಇಲ್ಲವೇ ಯಾರೋ ಕಿತ್ತುಕೊಳ್ಳುತ್ತಾರೆ. ಸಂಪಾದಕ ವಿನ್ಸೆಂಜೊ ಕಿರುಚುತ್ತಾನೆ, ಸುದ್ದಿ ಕಸದ ಬುಟ್ಟಿಗೆ. ಭೂತದ ವೇಷಗಳಂತೂ ಇಂದಿನ ಕಣ್ಣಿಗೆ ನಗು ತರಿಸುತ್ತವೆ. ನಮ್ಮ ಯಕ್ಷಗಾನದ ಬಣ್ಣದ ವೇಷ ಒಮ್ಮೆ ಆರ್ಭಟಿಸಿದರೆ ಅವು ಷಿಕಾಗೋ ಬಿಟ್ಟು ಓಡಬೇಕು.

ಆದರೆ ಅವನು ಕೇಳುವ ರೀತಿ ನೋಡಿ. ಯಾವ ದಿನ, ಎಷ್ಟು ಗಂಟೆ, ಯಾವ ಬೀದಿ, ನೀವು ಎಲ್ಲಿ ನಿಂತಿದ್ದಿರಿ, ಮೊದಲು ನೋಡಿದ್ದು ಯಾರು? ಟೇಪಿಗೆ ಕತೆ ಹೇಳುವಾಗಲೂ ತಾರೀಕು, ಹೊತ್ತು ಬಿಡುವುದಿಲ್ಲ. ಕೆಲಸದವರು, ಕುಡುಕರು, ಮುದುಕಿಯರು, ಬೇರೆಯವರು ಎರಡು ನಿಮಿಷವೂ ಕೊಡದ ಜನರ ಮಾತನ್ನು ಅವನು ಪೂರ್ತಿ ಕೇಳುತ್ತಾನೆ.

ಹನ್ನೊಂದನೇ ಕಂತಿಗೆ ಬಂದಾಗ ನಾವೆಲ್ಲ ನೆಟ್ಟಗೆ ಕೂತೆವು. 1974ರ ಡಿಸೆಂಬರ್ 20ರಂದು ಪ್ರಸಾರವಾದ ‘ಹಾರರ್ ಇನ್ ದಿ ಹೈಟ್ಸ್’. ಷಿಕಾಗೋದ ಬಡ ಯಹೂದಿ ಮುದುಕರು ವಾಸಿಸುವ ಬೀದಿ. ಒಬ್ಬೊಬ್ಬರಾಗಿ ಸಾಯುತ್ತಾರೆ. ಇಲಿ ತಿಂದಿರಬೇಕು ಎಂದು ಪೊಲೀಸರು ಕೈತೊಳೆದುಕೊಳ್ಳುತ್ತಾರೆ. ಅಲ್ಲಿನ ಗೋಡೆಗಳ ಮೇಲೆ ಯಾರೋ ಸ್ವಸ್ತಿಕ ಬರೆದಿದ್ದಾರೆ. ಹಿಟ್ಲರನ ಕಾಲ ಕಂಡ ಆ ಜೀವಗಳಿಗೆ ಎದೆ ಝಲ್ಲೆನ್ನುತ್ತದೆ, ನಾಝಿಗಳು ಬಂದರು ಎಂದೇ ತಿಳಿಯುತ್ತಾರೆ. ಹೋಗಿ ವಿಚಾರಿಸಿದರೆ ಬರೆದವನು ಹತ್ತಿರದ ಹೋಟೆಲಿನ ವಯಸ್ಸಾದ ಒಬ್ಬ ಹಿಂದೂ. ಕೊಲ್ಲುತ್ತಿರುವುದು ನಮ್ಮ ಪುರಾಣದ ರಾಕ್ಷಸ. ಅವನು ತಡೆಯಲು ಬರೆದದ್ದು ಅದು. ಅಂದರೆ ಜನ ಯಾವುದನ್ನು ನೋಡಿ ಹೆದರಿದರೋ ಅದು ಅವರ ಕಾವಲಿಗೆ ಇದ್ದ ಗುರುತು.

ಆ ರಾಕ್ಷಸ ಬರುವುದು ಹೇಗೆ? ನೀವು ತುಂಬಾ ನಂಬುವವರ ರೂಪದಲ್ಲಿ. ಕೋಲ್ಚಾಕ್ ಎದುರು ಅದು ಅವನ ಕಚೇರಿಯ ವಯಸ್ಸಾದ ಸಹೋದ್ಯೋಗಿಯ ರೂಪದಲ್ಲಿ ನಗುತ್ತಾ ಬರುತ್ತದೆ. ಅಜ್ಜಿಗೆ ಇದನ್ನು ತುಳುವಿನಲ್ಲಿ ಹೇಳಿದೆವು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ರಾವಣ ಸನ್ಯಾಸಿ ವೇಷದಲ್ಲಿ ಬಂದದ್ದು ಮತ್ತೆ ಯಾಕೆ, ಹತ್ತು ತಲೆ ಹೊತ್ತು ಬಂದಿದ್ದರೆ ಸೀತೆ ಗೆರೆ ದಾಟುತ್ತಿದ್ದಳೇ ಎಂದು ಕೇಳಿದರು.

ನಮ್ಮಲ್ಲೂ ಗೋಡೆಗೆ ಬರೆದ ಕಾಲ ಉಂಟು. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ಸ್ವರದಲ್ಲಿ ಕರೆಯುತ್ತದೆ, ಬರೆದದ್ದನ್ನು ಓದಿ ಹಿಂದೆ ಹೋಗುತ್ತದೆ, ಮರುದಿನ ಬಂದರೂ ಅದೇ ಓದುತ್ತದೆ ಎಂಬ ನಂಬಿಕೆ. ಈಗ ಅದನ್ನು ತಮಾಷೆಯಾಗಿ ಹೇಳುತ್ತೇವೆ. ಆದರೆ ಆ ರಾತ್ರಿಗಳಲ್ಲಿ ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದ ತಾಯಿಗೆ ಅದು ತಮಾಷೆ ಆಗಿರಲಿಲ್ಲ.

ಕರ್ನಾಟಕದಲ್ಲಿ ಇಂಥದ್ದನ್ನು ಟಿವಿಯಲ್ಲಿ ಅಲ್ಲ, ನಿಜವಾಗಿಯೂ ತನಿಖೆ ಮಾಡಿದವರು ಇದ್ದಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಅವರು ಭೌತಶಾಸ್ತ್ರದ ಮೇಷ್ಟ್ರು. ಪಾಂಡವಪುರದಲ್ಲಿ ಒಬ್ಬ ಬಾಲಕ ವಿಭೂತಿ ಸೃಷ್ಟಿಸುತ್ತಾನೆ ಎಂದು ಜನ ಮುಗಿಬಿದ್ದಾಗ ಸಮಿತಿ ಅಲ್ಲಿಗೇ ಹೋಗಿ ನೋಡಿತು. ವಿಭೂತಿ ಬಟ್ಟೆಯೊಳಗೇ ಇತ್ತು. ಅವರ ಕೆಲಸದಲ್ಲಿ ನಮಗೆ ಹಿಡಿಸಿದ್ದು ಇದು: ಕುರ್ಚಿಯಲ್ಲಿ ಕೂತು ‘ಎಲ್ಲ ಸುಳ್ಳು’ ಎನ್ನಲಿಲ್ಲ. ಹೋಗಿ ನೋಡಿದರು.

ಹೋಗಿ ನೋಡಿದರೆ ಕೆಲವು ಸಲ ಇನ್ನೂ ಚಂದದ ಉತ್ತರ ಸಿಗುತ್ತದೆ. 2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ತೆರೆಗಳು ನೀಲಿಯಾಗಿ ಹೊಳೆದವು. ವಾಟ್ಸ್ಆ್ಯಪ್‌ನಲ್ಲಿ ಏನೇನೋ ಓಡಾಡಿತು. ವಿಜ್ಞಾನಿಗಳು ಹೇಳಿದರು, ನಾಕ್ಟಿಲೂಕ ಎಂಬ ತೀರಾ ಸಣ್ಣ ಜೀವಿ, ನೀರು ಕದಡಿದಾಗ ಬೆಳಕು ಕೊಡುತ್ತದೆ ಎಂದು. ಕಾರಣ ಗೊತ್ತಾದ ಮೇಲೂ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋದರು. ಕಾರಣ ತಿಳಿದರೆ ಬೆರಗು ಸತ್ತುಹೋಗುತ್ತದೆ ಎಂಬ ಮಾತು ಸುಳ್ಳು.

ಎಲ್ಲದಕ್ಕೂ ತನಿಖೆ ಬೇಕೇ? ಬೇಡ. ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಕುಲೆಗಳಿಗೆ ಬಾಳೆಲೆಯಲ್ಲಿ ಬಳಸುತ್ತಾರೆ, ತೀರಿಹೋದ ಹಿರಿಯರಿಗೆ ಊಟ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಮದುವೆ ಮಾಡಿಸುವ ಕುಲೆ ಮದಿಮೆಯೂ ತುಳುನಾಡಿನಲ್ಲಿ ಉಂಟು. 2024ರ ಮೇ ತಿಂಗಳಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ, 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ಅಂಥದೇ ವರ ಬೇಕು ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶದ ಮಾಧ್ಯಮಗಳೆಲ್ಲ ‘ವಿಚಿತ್ರ ಆದರೂ ನಿಜ’ ಎಂಬಂತೆ ಬರೆದವು. ನಮಗೆ ಅದರಲ್ಲಿ ಕಂಡದ್ದು 30 ವರ್ಷ ಆದರೂ ಮಗಳನ್ನು ಲೆಕ್ಕದಿಂದ ಬಿಡದ ಮನೆ. ಯಾರಿಗೂ ನೋವಾಗದ ಕಡೆ ಟಾರ್ಚ್ ಹಿಡಿದು ಹೋಗುವ ಅಗತ್ಯ ಇಲ್ಲ.

ನೋವಾಗುವ ಕಡೆ ಹೋಗಲೇಬೇಕು. ದೆವ್ವ ಬಿಡಿಸುತ್ತೇವೆ ಎಂದು ಹೊಡೆಯುವುದು, ಹಿಂಸೆ ಕೊಡುವುದು ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ಮಾಡಿದ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಇದು ನಿಮ್ಮ ಮನೆಯ ಹತ್ತಿರ ನಡೆಯುತ್ತಿದ್ದರೆ ಪೊಲೀಸರಿಗೆ ಹೇಳಬಹುದು ಎಂಬುದು ಗೊತ್ತಿರಲಿ.

ಈಗ ನಮ್ಮ ಊರ ಕಡೆಯ ಒಂದು ವಿಷಯ. ಜೂನ್, ಜುಲೈ ಬೋಟುಗಳಿಗೆ ರಜೆ. ಆಗಸ್ಟ್‌ನಲ್ಲಿ ಕಡಲಿಗಿಳಿದ ಮೇಲೆ ಮೀನಿನ ಕೆಲಸ ಶುರುವಾಯಿತು. ಆಗ ಒಂದು ವಾಯ್ಸ್ ಮೆಸೇಜ್ ಬಂತು. ಹೊಳೆ ಬದಿಯ ಒಂದು ರಸ್ತೆಯಲ್ಲಿ ಕತ್ತಲಾದ ಮೇಲೆ ಬಿಳಿ ಸೀರೆಯ ಹೆಂಗಸು ನಿಲ್ಲುತ್ತಾಳಂತೆ, ಮೋಹಿನಿಯಂತೆ. ನಾಲ್ಕೇ ದಿನದಲ್ಲಿ ಎಲ್ಲ ಗ್ರೂಪುಗಳಿಗೂ ಹೋಯಿತು. ಬಂದು ವಿಡಿಯೊ ಮಾಡಿ, ಲಕ್ಷ ವ್ಯೂಸ್ ಬರುತ್ತದೆ ಎಂದು ನಮಗೂ ಫೋನ್ ಬಂತು.

ಹೋದೆವು, ಕ್ಯಾಮರಾ ಚೀಲದೊಳಗೇ ಇಟ್ಟು. ಕೋಲ್ಚಾಕ್ ಪ್ರಶ್ನೆಗಳನ್ನೇ ಕೇಳಿದೆವು. ನೀವು ನೋಡಿದ್ದಾ? ಇಲ್ಲ, ಆ ಮನೆಯವರು. ಆ ಮನೆಯವರು? ಇಲ್ಲ, ತಿರುವಿನ ಅಂಗಡಿಯಲ್ಲಿ ಹೇಳಿದರು. ಹೀಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಮೂರನೇ ದಿನ, ರಾತ್ರಿ ಎಂಟರವರೆಗೆ ಮೀನು ಶುಚಿ ಮಾಡಿ ಆ ದಾರಿಯಲ್ಲಿ ಮನೆಗೆ ನಡೆಯುವ ಹೆಂಗಸರಲ್ಲಿಗೆ ಬಂದು ನಿಂತೆವು. ಅವರು ಸಂಜೆ ಆರಕ್ಕೇ ಕೆಲಸ ಬಿಟ್ಟು ಹೊರಡುತ್ತಿದ್ದರು. ಎರಡು ಗಂಟೆಯ ಸಂಬಳ ದಿನಾ ಹೋಗುತ್ತಿತ್ತು.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಎರಡನೇ ಸಲ ಹೋದಾಗ ಒಬ್ಬ ಅಕ್ಕ ಹೇಳಿದರು. ಆ ರಸ್ತೆಯ ದೀಪ ಕೆಟ್ಟು ತಿಂಗಳಾಗಿತ್ತು. ಕತ್ತಲಲ್ಲಿ ಎರಡು ಬೈಕ್ ನಿಧಾನವಾಗಿ ಅವರ ಹಿಂದೆ ಬರುತ್ತಿತ್ತು, ಲೈಟ್ ಆರಿಸಿ. ಒಂದು ದಿನ ಚಿಕ್ಕ ಹುಡುಗಿಯೊಬ್ಬಳ ಶಾಲು ಎಳೆದರು.

“ಮತ್ತೆ ಮೋಹಿನಿ?”

“ಬೈಕಿನ ಹುಡುಗರು ಎಂದರೆ ಮನೆಯಲ್ಲಿ ಕೆಲಸವೇ ಬಿಡು ಎನ್ನುತ್ತಾರೆ. ಮೋಹಿನಿ ಎಂದರೆ ಗಂಡಸರು ಕರೆದುಕೊಂಡು ಹೋಗಲು ಬರುತ್ತಾರೆ.”

ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೇಳುವುದಕ್ಕೂ ಏನಿರಲಿಲ್ಲ. ಷಿಕಾಗೋದ ಆ ಬೀದಿಯಂತೆ ಇಲ್ಲಿಯೂ ಎಲ್ಲರೂ ನೋಡಿ ಹೆದರಿದ ಗುರುತು ಒಂದು ಕಾವಲು. ಅದನ್ನು ಹಾಕಿಕೊಂಡವರು ಈ ಹೆಂಗಸರೇ. ನಾವು ಟಾರ್ಚ್ ಹಿಡಿದು ಹೋಗಿ, ರಾತ್ರಿಯಿಡೀ ಕೂತು, ‘ಮೋಹಿನಿ ಇಲ್ಲ, ಎಲ್ಲ ವದಂತಿ’ ಎಂದು ವಿಡಿಯೊ ಹಾಕಿದ್ದರೆ ಅದು ಪೂರ್ತಿ ನಿಜವೇ ಆಗಿರುತ್ತಿತ್ತು. ಅವರ ಕೈಯಲ್ಲಿದ್ದ ಒಂದೇ ಒಂದು ಆಸರೆಯನ್ನೂ ಕಿತ್ತುಕೊಂಡಂತೆ ಆಗುತ್ತಿತ್ತು.

ಮೋಹಿನಿ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ದೀಪದ ಬಗ್ಗೆ ಬರೆದೆವು. ಎಷ್ಟು ಕಂಬ, ಎಷ್ಟು ದಿನದಿಂದ ಕತ್ತಲು, ಆ ದಾರಿಯಲ್ಲಿ ಎಷ್ಟು ಗಂಟೆಗೆ ಎಷ್ಟು ಹೆಂಗಸರು ನಡೆಯುತ್ತಾರೆ, ಎಷ್ಟು ಸಂಬಳ ಹೋಗುತ್ತಿದೆ. ಬೈಕಿನ ವಿಷಯ ಅವರ ಒಪ್ಪಿಗೆ ಕೇಳಿ, ಯಾರ ಹೆಸರೂ ಇಲ್ಲದೆ, ಬೀಟ್ ಪೊಲೀಸರಿಗೆ ತಿಳಿಸಿದೆವು. ಹತ್ತು ದಿನದಲ್ಲಿ ದೀಪ ಉರಿಯಿತು. ಕೆಲವು ರಾತ್ರಿ ಪೊಲೀಸ್ ಜೀಪೂ ಬಂತು. ಹೆಂಗಸರು ಮತ್ತೆ ಎಂಟರವರೆಗೆ ನಿಲ್ಲುತ್ತಿದ್ದಾರೆ. ಬೈಕಿನವರು ಬೇರೆ ಕತ್ತಲ ರಸ್ತೆಗೆ ಹೋಗಿದ್ದಾರೋ ಏನೋ ಎಂಬ ಚಿಂತೆ ಇದೆ. ಆದ್ದರಿಂದ ನಿಮ್ಮ ಊರಿನ ಯಾವುದಾದರೂ ರಸ್ತೆಗೆ ಇದ್ದಕ್ಕಿದ್ದಂತೆ ದೆವ್ವ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಆ ದಾರಿಯಲ್ಲಿ ದಿನಾ ನಡೆಯುವವರು ಯಾರು ಎಂದು ಒಮ್ಮೆ ಕೇಳಿ. ಕೂಡಲೇ ಹೇಳಲಿಕ್ಕಿಲ್ಲ. ಎರಡನೇ ಸಲವೂ ಹೋಗಿ.

ಈಗ ನಾವು ‘ಎಕ್ಸ್ ಫೈಲ್ಸ್’ ಶುರು ಮಾಡಿದ್ದೇವೆ. ಒಟ್ಟು 218 ಕಂತು, ಬರುವ ಮಳೆಗಾಲದವರೆಗೂ ಸಾಕು. ಅಜ್ಜಿಗೆ ಮಲ್ಡರ್ ಅಷ್ಟಕ್ಕಷ್ಟೆ. ಕೈಯಲ್ಲಿ ಟಾರ್ಚ್ ಹಿಡಿದು ಪ್ರಶ್ನೆ ಕೇಳುವ ಸ್ಕಲ್ಲಿ ಬಂದರೆ ಮಾತ್ರ, ಅಗಿಯುತ್ತಿದ್ದ ಎಲೆಅಡಿಕೆ ನಿಲ್ಲಿಸಿ ನೋಡುತ್ತಾರೆ.