ಹೊಸ ಮೀನಿಗೊಂದು ಸಂದಿ

ಇಲವಾಲದ ನಮ್ಮ ಮನೆಯ ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಿದೆ. ಅದರಲ್ಲಿ ಐದು ಸಿಕ್ಲಿಡ್ ಮೀನುಗಳು. ಇವುಗಳ ತವರು ಆಫ್ರಿಕಾದ ಮಲಾವಿ ಸರೋವರ. ಅಲ್ಲಿ 500ಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್‌ಗಳಿವೆ. ಬಂಡೆಗಳ ಸಂದಿಯೇ ಹಲವಕ್ಕೆ ಮನೆ. ಕೆಲವು ಜಾತಿಗಳಲ್ಲಿ ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಸುಮಾರು ಮೂರು ವಾರ ಉಪವಾಸವಿದ್ದು ಮರಿ ಮಾಡುತ್ತದೆ. ನಮ್ಮ ತೊಟ್ಟಿಯ ದೊಡ್ಡ ನೀಲಿ ಮೀನಿಗೆ ಮೊಮ್ಮಗ ಇಟ್ಟ ಹೆಸರು ‘ರಾಜ’.

ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಎರಡು ಹಳದಿ ಮರಿಗಳನ್ನು ತಂದೆವು. ಮೀನಿದ್ದ ಕವರನ್ನು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಆಮೇಲೆ ಮರಿಗಳನ್ನು ಒಳಗೆ ಬಿಟ್ಟೆ. ಇಷ್ಟು ಸಾಕು ಅಂದುಕೊಂಡಿದ್ದೆ.

ಬೆಳಿಗ್ಗೆ ಒಂದು ಮರಿ ರೆಕ್ಕೆ ಹರಿದು ಸತ್ತಿತ್ತು. ಇನ್ನೊಂದು ಫಿಲ್ಟರ್ ಹಿಂದೆ ಅವಿತಿತ್ತು.

“ತಾತ, ಈ ರಾಜ ಬೇಡ. ಕೆರೆಗೆ ಬಿಟ್ಟುಬಿಡೋಣ,” ಎಂದು ಅಳುತ್ತಾ ಹೇಳಿದ.

“ತಪ್ಪು ಅವನದಲ್ಲ ಪುಟ್ಟ, ನನ್ನದು. ಅಲ್ಲಿರೋ ಸಂದಿಗಳೆಲ್ಲ ತನ್ನವೇ ಅಂತ ಅವನು ತಿಳಿದಿದ್ದಾನೆ. ಹೊಸಬರಿಗೆ ಜಾಗ ಮಾಡಬೇಕಾದವನು ನಾನು.”

ಕೆರೆಯ ವಿಚಾರವನ್ನೂ ಹೇಳಿದೆ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಜಾತಿ. ಕೇರಳದವರು ಇಷ್ಟಪಡುವ ಕರಿಮೀನು ಅವುಗಳಲ್ಲಿ ಒಂದು. ಇನ್ನೊಂದು ಜಾತಿ ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲಿದೆ. ಆದರೆ ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು ಆಫ್ರಿಕಾದ್ದು, ರಾಜನ ದೂರದ ನೆಂಟ. 1952ರಲ್ಲಿ ಅದನ್ನು ಸಾಕಲೆಂದು ಭಾರತಕ್ಕೆ ತಂದರು. ಅದು ಬೇಗ ಬೇಗ ಮರಿಮಾಡಿ ಕೆರೆಯಿಂದ ಕೆರೆಗೆ ಹಬ್ಬಿ, ನಮ್ಮ ನಾಡಿನ ಮೀನುಗಳ ಮೇವಿಗೂ ಜಾಗಕ್ಕೂ ಪೈಪೋಟಿಯಾಯಿತು. “ನಮ್ಮ ಮನೆಯ ಜಗಳವನ್ನು ಕೆರೆಗೆ ಸುರಿಯಬಾರದು ಕಣೋ,” ಎಂದೆ.

ಉಳಿದ ಮರಿಯನ್ನು ಹಳೆಯ ಸಣ್ಣ ತೊಟ್ಟಿಯಲ್ಲಿ ಮೂರು ವಾರ ಬೇರೆಯಾಗಿಟ್ಟೆವು. ಹೊಸ ಮೀನನ್ನು ಮೊದಲೇ ಹೀಗೆ ಇಟ್ಟು, ಮೈಮೇಲೆ ಬಿಳಿ ಚುಕ್ಕೆಯಂಥ ರೋಗವಿದೆಯೇ ಎಂದು ನೋಡಬೇಕಿತ್ತು. ಆತುರದಲ್ಲಿ ಅದನ್ನೂ ಬಿಟ್ಟಿದ್ದೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ದೊಡ್ಡ ತೊಟ್ಟಿಯ ಕಲ್ಲುಗಳನ್ನೆಲ್ಲ ಜರುಗಿಸಿದೆವು. ಇನ್ನಷ್ಟು ಕಲ್ಲು ತೊಳೆದು ಸೇರಿಸಿ, ಹೊಸ ಸಂದಿಗಳನ್ನು ಮಾಡಿದೆವು. ಹಳೆಯ ಮನೆ ಯಾರಿಗೂ ಉಳಿಯಲಿಲ್ಲ. ರಾಜನೂ ಗಲಿಬಿಲಿಗೊಂಡು ಮೂಲೆ ಮೂಲೆ ಸುತ್ತಿದ. ದೀಪ ಆರಿಸಿ, ಕತ್ತಲಲ್ಲಿ ಹಳದಿ ಮರಿಯನ್ನು ಮೆಲ್ಲಗೆ ಬಿಟ್ಟೆವು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾನು ಏಳುವ ಮೊದಲೇ ಮೊಮ್ಮಗ ತೊಟ್ಟಿಯ ಮುಂದೆ ಕೂತಿದ್ದ. “ತಾತ, ಆರೂ ಇವೆ!” ಹಳದಿ ಮೀನು ಚಪ್ಪಟೆ ಕಲ್ಲಿನ ಕೆಳಗಿಂದ ಮೂತಿ ಹೊರಹಾಕಿ ನೋಡುತ್ತಿತ್ತು.

ಈಗಲೂ ರಾಜ ಆಗಾಗ ಅದನ್ನು ಅಟ್ಟಿಸಿಕೊಂಡು ಹೋಗುವುದುಂಟು. ಅದು ತನ್ನ ಸಂದಿಗೆ ನುಗ್ಗಿದರೆ, ಇವನು ಸುಮ್ಮನೆ ಹಿಂದಿರುಗುತ್ತಾನೆ.

ಮೊನ್ನೆ ಮೊಮ್ಮಗ, “ಇನ್ನೊಂದು ಮೀನು ತರೋಣವಾ ತಾತ?” ಎಂದ.

“ಖಾಲಿ ಸಂದಿ ಎಷ್ಟಿವೆ, ಎಣಿಸಿ ಬಾ,” ಎಂದೆ.

ಬಹಳ ಹೊತ್ತು ಗಾಜಿಗೆ ಮೂಗೊತ್ತಿ ಎಣಿಸಿದ. ಆಮೇಲೆ ಬಂದು, “ಬೇಡ ತಾತ,” ಎಂದ.