ಪಿಎಚ್.ಡಿ. ಆಯಿತು, ಮುಂದೇನು?

ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ನಮ್ಮ ಮದ್ದಿಕೇರ, ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರೆ. ಸಿಕ್ಕವರಿಗೆ ಅದೃಷ್ಟ, ಉಳಿದವರಿಗೆ ಬೆನ್ನುನೋವು! ಕಳೆದ ವರ್ಷ ಅಂಥ ದಿನಗಳಲ್ಲೇ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ನಮ್ಮನ್ನು ನೋಡಲು ಬಂದಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ನಮ್ಮ ಹತ್ತಿರವೇ ಓದಿದವಳು, ಈಗ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿದ್ದಾಳೆ. ನಮಗೆ ಹೇಳಲಾರದಷ್ಟು ಸಂತೋಷವಾಯಿತು.

"ಇನ್ನಾ ಎಷ್ಟು ಓದ್ತಾಳೆ ಸಾರ್ ಈಕಿ?" ಎಂದರು ತಂದೆ. ಮುಂದೆ ಪೋಸ್ಟ್ ಡಾಕ್ ಮಾಡಬೇಕಂತೆ. ಅದು ಓದಲ್ಲ, ಸಂಬಳದ ಸಂಶೋಧನೆ ಎಂದು ಅವಳೇ ವಿವರಿಸಿದಳು. ಕೇಂದ್ರ ಸರ್ಕಾರದ 2023ರ ಪರಿಷ್ಕರಣೆಯಂತೆ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆದವರಿಗೆ ತಿಂಗಳಿಗೆ 58,000 ರೂಪಾಯಿಯಿಂದ ಶುರು, ಮನೆಬಾಡಿಗೆ ಭತ್ಯೆ ಬೇರೆ. ಆದರೆ ಕಾಯಂ ಕೆಲಸವಲ್ಲ, ಎರಡು-ಮೂರು ವರ್ಷವಷ್ಟೇ. ತಂದೆಯ ಮುಖ ಸ್ವಲ್ಪ ಹಗುರಾಯಿತು.

ಅವಳ ಮುಖ ಮಾತ್ರ ಹಗುರಾಗಲಿಲ್ಲ. ಎಂಟು ತಿಂಗಳಿಂದ ಜಾಹೀರಾತು ನೋಡುತ್ತಾ ಕೂತಿದ್ದಾಳೆ. "ಒಬ್ಬ ಪ್ರೊಫೆಸರಿಗೆ ಬರೆದೆ ಸಾರ್, ಉತ್ತರ ಬರಲಿಲ್ಲ. ನನ್ನ ಇಂಗ್ಲಿಷ್ ನೋಡಿ ನಕ್ಕಿರಬೇಕು." ಈ ಮಾತು ನಮಗೆ ಚುಚ್ಚಿತು. ಆ ಪತ್ರ ತೋರಿಸು ಎಂದೆವು. 'ನಿಮ್ಮಲ್ಲಿ ಯಾವುದೇ ಹುದ್ದೆ ಇದ್ದರೂ ದಯವಿಟ್ಟು ಕೊಡಿ' ಎಂದು ಬರೆದಿದ್ದಳು. ಇಂಗ್ಲಿಷ್ ಸರಿಯಾಗೇ ಇತ್ತು. ಆದರೆ ಅವಳು ಯಾರು, ಏನು ಬಲ್ಲಳು ಎಂಬುದೇ ಅದರಲ್ಲಿರಲಿಲ್ಲ!

ಯಾರ ಕೆಲಸ ನಿನಗೆ ಇಷ್ಟ ಎಂದು ಕೇಳಿದೆವು. ಒಬ್ಬರ ಮೂರು ಪ್ರಬಂಧ ಓದಿದ್ದಳು. ಕನ್ನಡದಲ್ಲಿ ಅರ್ಧ ಗಂಟೆ ತಡವರಿಸದೆ ಹೇಳಿದಳು. ಅದನ್ನೇ ಬರೆ ಎಂದೆವು. ನಾನು ಮಾಡಿದ್ದೇನು, ನಿಮ್ಮ ಪ್ರಬಂಧದಲ್ಲಿ ನನಗೆ ಹೊಳೆದ ಪ್ರಶ್ನೆ ಯಾವುದು, ಯಾವಾಗಿನಿಂದ ಬರಬಲ್ಲೆ... ಇಷ್ಟೇ.

ಆಮೇಲೆ ಇಬ್ಬರೂ ಕೂತು ನಿಯಮ ಓದಿದೆವು. ನಮ್ಮ ದೇಶದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್‌ನ ಎರಡು ವರ್ಷದ ಫೆಲೋಶಿಪ್, ಜರ್ಮನಿಯ ಹುಂಬೋಲ್ಟ್, ಯೂರೋಪಿನ ಮೇರಿ ಕ್ಯೂರಿ, ಎಲ್ಲಕ್ಕೂ ಮೊದಲು 'ಬಾ' ಎನ್ನುವ ಒಬ್ಬ ಮಾರ್ಗದರ್ಶಕರು ಬೇಕು. ಮೇರಿ ಕ್ಯೂರಿಗೆ ಪಿಎಚ್.ಡಿ. ಆಗಿ 8 ವರ್ಷ ದಾಟಿರಬಾರದು. ಹಾಗಾಗಿ ಪ್ರಬಂಧ ಸಲ್ಲಿಸುವ ಮೊದಲೇ ಪತ್ರ ಬರೆಯಲು ಶುರು ಮಾಡಬೇಕು. ಇದು ಮಳೆ ಬಂದ ಮೇಲೆ ವಜ್ರ ಹುಡುಕುವ ಕೆಲಸವಲ್ಲ.

ಸಿ.ಎನ್.ಆರ್. ರಾವ್ ಅವರೂ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದವರೇ. 1958ರಲ್ಲಿ ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್.ಡಿ. ಪಡೆದು, ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಸಂಶೋಧನೆ ಮಾಡಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇದನ್ನು ಹೇಳಿದಾಗ ಅವಳು ನಕ್ಕಳು.

ಒಂಬತ್ತು ಜನರಿಗೆ ಬರೆದಳು. ಇಬ್ಬರು ಉತ್ತರಿಸಿದರು, ಒಬ್ಬರು ಒಪ್ಪಿದರು. ಅರ್ಜಿ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ.

ನಮಗೆ ಉಳಿದ ಪಾಠ ಬೇರೆ. ಇಷ್ಟು ವರ್ಷ ನಾವು ಮಕ್ಕಳಿಗೆ ಉತ್ತರ ಬರೆಯಲು ಕಲಿಸಿದೆವು, ದೊಡ್ಡವರಿಗೆ ಧೈರ್ಯವಾಗಿ ಪ್ರಶ್ನೆ ಬರೆಯಲು ಕಲಿಸಲಿಲ್ಲ. ಈಗ ಎಂಟನೇ ತರಗತಿಯಲ್ಲಿ ಶನಿವಾರಕ್ಕೊಂದು ಪ್ರಶ್ನೆ ಬರೆಸುತ್ತಿದ್ದೇವೆ. ನಿಮ್ಮ ಶಾಲೆಯಲ್ಲೂ ಮಾಡಿ ನೋಡಿ.